ಫಿಲ್ಮು ಓದುವವರ ಪರೀಕ್ಷೆ

ಎಂ.ಡಿ. ಪರೀಕ್ಷೆಯಲ್ಲಿ ನಮಗೆ ‘ಸ್ಪಾಟರ್’ ಅಂತ ಒಂದು ಸುತ್ತು ಇತ್ತು. ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಲೈಟ್ ಬಾಕ್ಸುಗಳು, ಒಂದೊಂದರ ಮೇಲೂ ಒಂದೊಂದು ಎಕ್ಸ್‌ರೇ ಫಿಲ್ಮು. ಗಂಟೆ ಬಾರಿಸಿದ ಕೂಡಲೇ ಉತ್ತರ ಬರೆದು ಮುಂದಿನ ಪೆಟ್ಟಿಗೆಗೆ ಸರಿಯಬೇಕು. ಇದರಲ್ಲಿ ನಾನು ಗಟ್ಟಿಗಿತ್ತಿ. ಗೆಳತಿಯರು ಗುಟ್ಟು ಕೇಳಿದಾಗ ನಗುತ್ತಾ ಹೇಳುತ್ತಿದ್ದೆ: ಏನೂ ಇಲ್ಲದ ಫಿಲ್ಮನ್ನು ಮೇಷ್ಟ್ರು ತೂಗುಹಾಕುವುದಿಲ್ಲ, ಅಲ್ಲೇನೋ ಇದ್ದೇ ಇರುತ್ತದೆ, ಸಿಗುವ ತನಕ ಕಣ್ಣು ತೆಗೆಯಬೇಡಿ.

ತಮಾಷೆಗೆ ಹೇಳಿದ ಆ ಮಾತಿನಲ್ಲಿ ಪರೀಕ್ಷೆಗೂ ಕೆಲಸಕ್ಕೂ ಇರುವ ವ್ಯತ್ಯಾಸವೆಲ್ಲ ಅಡಗಿತ್ತು ಅಂತ ತಿಳಿಯಲು ನನಗೆ ಏಳೆಂಟು ವರ್ಷ ಬೇಕಾಯಿತು.

ತುಮಕೂರು ಜಿಲ್ಲೆಯವಳು ನಾನು. ಕೆಲಸಕ್ಕೆಂದು ಚೆನ್ನೈಗೆ ಬಂದಾಗ ಎರಡು ವರ್ಷ ಇದ್ದು ಹೋಗೋಣ ಅಂದುಕೊಂಡಿದ್ದೆ. ಎಲ್ಲರ ಹಾಗೆ ಇಲ್ಲೇ ಉಳಿದೆ. ಒಂದು ಸ್ಕ್ಯಾನ್ ಸೆಂಟರಿನಲ್ಲಿ ದಿನಕ್ಕಿಷ್ಟು ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಓದುವುದು ನನ್ನ ಪಾಲಿನ ಕೆಲಸ. ಹೊರಗೆ ಬೆಂಚಿನ ಮೇಲೆ ಕೂತ ಹೆಂಗಸರು ಕೇಳುತ್ತಿದ್ದುದು ಒಂದೇ ಪ್ರಶ್ನೆ: ‘ಒಣ್ಣುಮ್ ಇಲ್ಲೈಯಾ, ಡಾಕ್ಟರ್?’ ಏನೂ ಇಲ್ಲ ತಾನೆ? ಬಹುಪಾಲು ನಿಜವಾಗಿಯೂ ಏನೂ ಇರುತ್ತಿರಲಿಲ್ಲ. ಯಾವ ದೂರೂ ಇಲ್ಲದೆ ತಪಾಸಣೆಗೆಂದೇ ಬರುವ ಸಾವಿರ ಹೆಂಗಸರಲ್ಲಿ ಕ್ಯಾನ್ಸರ್ ಸಿಗುವುದು ಪಾಶ್ಚಾತ್ಯ ದೇಶಗಳಲ್ಲೇ ಐದೋ ಏಳೋ ಜನಕ್ಕೆ. ನಮ್ಮಲ್ಲಿ ಇನ್ನೂ ಕಡಿಮೆ. ಅಂದರೆ ಇಡೀ ತಿಂಗಳು ‘ಇಲ್ಲ, ಇಲ್ಲ, ಇಲ್ಲ’ ಎಂದೇ ಬರೆಯಬೇಕು. ಸ್ಪಾಟರ್‌ನಲ್ಲಿ ಪ್ರತಿ ಫಿಲ್ಮಿನಲ್ಲೂ ಏನೋ ಇರುತ್ತಿತ್ತು. ಇಲ್ಲಿ ಯಾವುದರಲ್ಲೂ ಏನೂ ಇಲ್ಲವೆಂಬಂತೆ ಕಣ್ಣು ಪಳಗುತ್ತಾ ಹೋಗುತ್ತದೆ.

ಹದಿನೈದು ವರ್ಷಕ್ಕೂ ಹಿಂದಿನ ಮಾತು. ಹೊಸೂರು ಕಡೆಯ ಒಬ್ಬರು, ಮನೆಮಾತು ಕನ್ನಡ, ಗಂಡನ ಕಂಪನಿಯ ಹೆಲ್ತ್ ಪ್ಯಾಕೇಜಿನಲ್ಲಿ ಬಂದಿದ್ದರು. ಚೆನ್ನೈಯಲ್ಲಿ ಕನ್ನಡ ಕೇಳಿದರೆ ಯಾರಿಗೆ ಖುಷಿಯಾಗುವುದಿಲ್ಲ? ಹತ್ತು ನಿಮಿಷ ಹರಟಿದೆವು. ಫಿಲ್ಮು ನೋಡಿ ‘ಏನೂ ಇಲ್ಲಮ್ಮ’ ಅಂದೆ, ಹಾಗೆಯೇ ಬರೆದೆ. ಹದಿನಾಲ್ಕು ತಿಂಗಳ ಮೇಲೆ ಅವರು ಮತ್ತೆ ಬಂದರು. ಈ ಸಲ ಸ್ನಾನ ಮಾಡುವಾಗ ಕೈಗೇ ಗಂಟು ಸಿಕ್ಕಿತ್ತು. ಹಳೆಯ ಫಿಲ್ಮನ್ನು ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ತಂದಿದ್ದರು. ಹೊಸದರ ಪಕ್ಕ ಹಳೆಯದನ್ನು ಇಟ್ಟೆ. ಅದೇ ಜಾಗದಲ್ಲಿ, ನೆರಳಿನಷ್ಟು ತೆಳ್ಳಗೆ, ಅದು ಆಗಲೂ ಇತ್ತು.

‘ಅವತ್ತು ಇರ್ಲಿಲ್ಲ ಅಲ್ವಾ ಡಾಕ್ಟ್ರಮ್ಮ?’ ಅಂದರು.

ನಾನು ಏನು ಉತ್ತರ ಕೊಟ್ಟೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಅವತ್ತು ರಾತ್ರಿ ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಪರೀಕ್ಷೆಯಲ್ಲಿ ಅಷ್ಟು ಅಂಕ ಕೊಟ್ಟ ಕಣ್ಣು ಇದೇನಾ? ಪರೀಕ್ಷೆ ಅಳೆದಿದ್ದು ಏನನ್ನು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನನಗೆ ಒಂದು ಚರಿತ್ರೆಯೇ ಸಿಕ್ಕಿತು. ಅದರ ದಾರಿ ನನ್ನ ಊರನ್ನೂ ಈ ಊರನ್ನೂ ಹಾದುಹೋಗಿತ್ತು.

ಕತೆ ಶುರುವಾಗುವುದು ಸ್ತನದಿಂದಲ್ಲ, ಕ್ಷಯದಿಂದ. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದಲ್ಲಿ ಲಕ್ಷಗಟ್ಟಲೆ ಜನರ ಎದೆಯ ಎಕ್ಸ್‌ರೇ ತೆಗೆಯುತ್ತಿದ್ದರು. ದೊಡ್ಡ ಫಿಲ್ಮು ದುಬಾರಿ, ಚಿಕ್ಕದಾದರೆ ಸಾಕಾಗುತ್ತದೆಯೇ ಎಂದು ನೋಡಲು ಸುಮಾರು 1,250 ಜನರ ಎದೆಯನ್ನು ನಾಲ್ಕು ಬಗೆಯ ಫಿಲ್ಮುಗಳಲ್ಲಿ ತೆಗೆದು ಐದು ಜನ ತಜ್ಞರಿಗೆ ಓದಲು ಕೊಟ್ಟರು. 1947ರಲ್ಲಿ ಫಲಿತಾಂಶ ಅಚ್ಚಾಯಿತು. ಫಿಲ್ಮು ಫಿಲ್ಮಿನ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದಿದ್ದು ಓದುವವರ ನಡುವೆ. ಒಬ್ಬರು ‘ಇದೆ’ ಎಂದಿದ್ದನ್ನು ಇನ್ನೊಬ್ಬರು ‘ಇಲ್ಲ’ ಎಂದಿದ್ದರು. ಅದಕ್ಕಿಂತ ಮುಜುಗರದ ಸಂಗತಿಯೆಂದರೆ, ಅದೇ ಫಿಲ್ಮನ್ನು ಕೆಲವು ವಾರ ಬಿಟ್ಟು ಅದೇ ವೈದ್ಯನಿಗೆ ಕೊಟ್ಟರೆ ಅವನು ತನ್ನ ಮಾತಿಗೇ ಒಪ್ಪುತ್ತಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ರೇಡಿಯಾಲಜಿಸ್ಟ್ ಹೆನ್ರಿ ಗಾರ್ಲೆಂಡ್ ಮುಂದೆ ಇಂಥ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ, ಸುಮಾರು ಮೂರರಲ್ಲೊಂದು ಸಲ ತಜ್ಞರು ಪರಸ್ಪರ ಒಪ್ಪುವುದಿಲ್ಲ, ಐದರಲ್ಲೊಂದು ಸಲ ತಮ್ಮನ್ನೇ ತಾವು ಒಪ್ಪುವುದಿಲ್ಲ ಎಂದು ಬರೆದರು. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ.

ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ಅದೇ 1947ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು. ರೋಗ ಇರುವವರಲ್ಲಿ ಎಷ್ಟು ಜನರನ್ನು ನೀನು ಹಿಡಿದೆ? ಅದು ಸೆನ್ಸಿಟಿವಿಟಿ. ರೋಗ ಇಲ್ಲದವರಲ್ಲಿ ಎಷ್ಟು ಜನರನ್ನು ಸುಮ್ಮನೆ ಹೆದರಿಸದೆ ಮನೆಗೆ ಕಳಿಸಿದೆ? ಅದು ಸ್ಪೆಸಿಫಿಸಿಟಿ. ಇವೆರಡು ತಕ್ಕಡಿಯ ಎರಡು ತಟ್ಟೆ. ಎಲ್ಲರನ್ನೂ ‘ಅನುಮಾನ’ ಎಂದು ಬರೆದರೆ ಮೊದಲನೆಯದು ನೂರಕ್ಕೆ ನೂರು, ಎರಡನೆಯದು ಸೊನ್ನೆ.

ಈ ಪಾಠ ಮದ್ರಾಸಿಗೆ ಬಂದದ್ದು ಸುಮಾರು ಹತ್ತು ವರ್ಷದ ನಂತರ. ಫಿಲ್ಮು ಓದುವುದು ಇಲ್ಲಿಗೆ ಹೊಸದೇನಲ್ಲ. ಸೆಂಟ್ರಲ್ ಸ್ಟೇಷನ್ನಿನ ಎದುರಿನ ಜನರಲ್ ಆಸ್ಪತ್ರೆಯಲ್ಲಿ ಬರ್ನಾರ್ಡ್ ರೇಡಿಯಾಲಜಿ ಸಂಸ್ಥೆ 1934ರಿಂದಲೇ ಇತ್ತು. ಆದರೆ ಓದುವವರ ಮೇಲೇ ಒಂದು ಕಣ್ಣಿಡಬೇಕು ಎಂಬ ಶಿಸ್ತು ಗಟ್ಟಿಯಾಗಿ ಕಂಡದ್ದು 1956ರಲ್ಲಿ ಚೇತ್‌ಪೇಟೆಯಲ್ಲಿ ಆರಂಭವಾದ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದಲ್ಲಿ. ವ್ಯಾಲೇಸ್ ಫಾಕ್ಸ್ ಮುಂದಾಳತ್ವದಲ್ಲಿ ನಡೆದ ಅಲ್ಲಿನ ಮೊದಲ ಪ್ರಯೋಗ 1959ರಲ್ಲಿ ಜಗತ್ತಿಗೇ ಹೆಸರಾಯಿತು. ಬಡ ರೋಗಿಗಳಲ್ಲಿ ಅರ್ಧದಷ್ಟು ಜನರನ್ನು ಸ್ಯಾನಟೋರಿಯಮ್ಮಿನಲ್ಲಿಟ್ಟು, ಉಳಿದವರಿಗೆ ಮನೆಯಲ್ಲೇ ಮಾತ್ರೆ ಕೊಟ್ಟು ಒಂದು ವರ್ಷ ನೋಡಿದರು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. ನನಗೆ ಮುಖ್ಯವೆನಿಸಿದ್ದು ಅದರ ಒಂದು ಚಿಕ್ಕ ವಿವರ. ಎಕ್ಸ್‌ರೇಗಳನ್ನು ತೀರ್ಮಾನಿಸಿದ್ದು, ಯಾವ ರೋಗಿ ಎಲ್ಲಿದ್ದ ಎಂದು ಗೊತ್ತಿಲ್ಲದ ಹೊರಗಿನ ತಜ್ಞರು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎಂಬ ಎಚ್ಚರ ಅದು.

ಅಲ್ಲಿಂದ ನಮ್ಮೂರಿಗೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಯಿತು. ಅದರ ತಂಡ 1960–61ರಲ್ಲಿ ಸಮೀಕ್ಷೆಗೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನು. ರಾಜ್ ನಾರಾಯಣ್ ಮತ್ತವರ ಸಂಗಡಿಗರು ಎಕ್ಸ್‌ರೇ ವ್ಯಾನಿನೊಂದಿಗೆ ಹಳ್ಳಿ ಹಳ್ಳಿ ತಿರುಗಿದರು. ನಮ್ಮಜ್ಜಿಗೆ ಆ ವ್ಯಾನಿನ ನೆನಪಿತ್ತು. ‘ಎದೆ ಫೋಟೋ ತೆಗಿಯೋರು ಬಂದಿದ್ರು. ಒಳ್ಳೆ ಸೀರೆ ಉಟ್ಕೊಂಡು ಹೋದೆ. ಕರಿಮಣಿ ತೆಗಿ ಅಂದ್ರು, ಮುತ್ತೈದೆ ಹೆಂಗೆ ತೆಗೀಲಿ, ಬೆನ್ನಿಗೆ ಹಾಕ್ಕೊಂಡೆ. ಫೋಟೋ ಕೊಡ್ತಾರೆ ಅಂತ ಕಾದ್ವಿ. ಕೊಡ್ಲೇ ಇಲ್ಲ ನೋಡು’ ಎಂದು ಸಾಯುವವರೆಗೂ ದೂರುತ್ತಿದ್ದಳು. ಅವಳ ಎದೆಯ ಅಂಗೈಯಗಲದ ಫಿಲ್ಮನ್ನು ಇಬ್ಬರು ಬೇರೆಬೇರೆಯಾಗಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ಗೊತ್ತಿಲ್ಲದಂತೆ ಓದಿರುತ್ತಾರೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ ಅವಳು ಇರಲಿಲ್ಲ. ಬೆನ್ನಿಗೆ ಬಿದ್ದ ಕರಿಮಣಿ ಕೂಡ ಫಿಲ್ಮಿನಲ್ಲಿ ಬಂದೇ ಬರುತ್ತದೆ ಎಂದು ಹೇಳಿ ನಗಿಸಬಹುದಿತ್ತು.

ಅದೇ ಕಾಲದಲ್ಲಿ, ಅದೇ ಜಿಲ್ಲೆಯಲ್ಲಿ ಸಮಾಜ ವಿಜ್ಞಾನಿ ವೈದ್ಯ ದೇಬಬ್ರತ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇನ್ನೊಂದು ಪ್ರಶ್ನೆ ಕೇಳಿದರು: ಹೀಗೆ ಸಿಕ್ಕಿಬಿದ್ದ ರೋಗಿಗಳಿಗೆ ತಮಗೆ ಕಾಯಿಲೆಯಿದೆ ಅಂತ ಮೊದಲೇ ಗೊತ್ತಿರಲಿಲ್ಲವೇ? ಬಹುತೇಕರಿಗೆ ಗೊತ್ತಿತ್ತು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ, ಕೆಮ್ಮಿನ ಸಿರಪ್ಪು ಹಿಡಿದು ವಾಪಸಾಗಿದ್ದರು. ಹಾಗಾಗಿ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಊರೂರಿಗೆ ಎಕ್ಸ್‌ರೇ ವ್ಯಾನು ಓಡಿಸುವ ಆಸೆ ಬಿಟ್ಟು, ಕೆಮ್ಮೆಂದು ಬಂದವರ ಕಫ ಪರೀಕ್ಷೆಗೆ ಒತ್ತುಕೊಟ್ಟಿತು. ದೇಶದ ಜೇಬು, ಓದುವವರ ಕಣ್ಣು, ರೋಗಿಯ ಕಾಲು ಮೂರನ್ನೂ ಲೆಕ್ಕ ಹಾಕಿ ತೆಗೆದುಕೊಂಡ ತೀರ್ಮಾನ.

ಸ್ತನದ ಫಿಲ್ಮಿನ ಕತೆಯಲ್ಲಿ ಇದೇ ಪಾಠವನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. 1960ರಲ್ಲಿ ಹ್ಯೂಸ್ಟನ್ನಿನ ರಾಬರ್ಟ್ ಈಗನ್ ಸ್ಪಷ್ಟ ಮ್ಯಾಮೊಗ್ರಾಮ್ ತೆಗೆಯುವ ವಿಧಾನ ರೂಪಿಸಿದರು. 1963ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲ ದೊಡ್ಡ ತಪಾಸಣಾ ಪ್ರಯೋಗ ಶುರುವಾಯಿತು. 1988ರಿಂದ ಬ್ರಿಟನ್ ಸರ್ಕಾರ ತನ್ನ ಹೆಂಗಸರಿಗೆ ಕಾಗದ ಬರೆದು ಕರೆಯತೊಡಗಿತು. ಆದರೆ ಓದುವವರ ಗತಿ? 1994ರಲ್ಲಿ ಜೋನ್ ಎಲ್ಮೋರ್ ತಂಡ 150 ಮ್ಯಾಮೊಗ್ರಾಮ್‌ಗಳನ್ನು ಹತ್ತು ಜನ ರೇಡಿಯಾಲಜಿಸ್ಟರಿಗೆ ಕೊಟ್ಟು ನೋಡಿತು. ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 74ರಿಂದ 96 ಮಂದಿಗೆ ಕೂಡಲೇ ಮುಂದಿನ ತಪಾಸಣೆ ಬೇಕೆಂದು ಅವರು ಹೇಳಿದರು. ಕ್ಯಾನ್ಸರ್ ಇಲ್ಲದವರಲ್ಲೋ, ಒಬ್ಬ ವೈದ್ಯ ನೂರಕ್ಕೆ 11 ಜನರನ್ನು ವಾಪಸ್ ಕರೆದರೆ ಇನ್ನೊಬ್ಬರು 65 ಜನರನ್ನು ಕರೆದರು. ಅದೇ ಫಿಲ್ಮು, ಬೇರೆಬೇರೆ ಕಣ್ಣು.

ಬ್ರಿಟನ್ನಿನಲ್ಲಿ ಅಲಸ್ಟೇರ್ ಗೇಲ್ ನೇತೃತ್ವದಲ್ಲಿ ಶುರುವಾದ ಪರ್ಫಾರ್ಮ್ಸ್ ಎಂಬ ಸ್ವಯಂಪರೀಕ್ಷೆ 1991ರಿಂದಲೇ ನಡೆಯುತ್ತಿದೆ. ಕ್ಲಿಷ್ಟವಾದ, ಉತ್ತರ ಗೊತ್ತಿರುವ ಫಿಲ್ಮುಗಳ ಕಟ್ಟು. ಒಂದು ಸುತ್ತಿಗೆ 60. ಆಸ್ಟ್ರೇಲಿಯಾದಲ್ಲೂ ಆಮೇಲೆ ಇಂಥದ್ದೊಂದು ಬಂತು. ಆಗ ಎದ್ದದ್ದೇ ನನ್ನನ್ನು ಕಾಡಿದ ಪ್ರಶ್ನೆ. ಈ ಕಟ್ಟಿನಲ್ಲಿ ಜಾಣರಾದವರು ದಿನನಿತ್ಯದ ಪಾಳಿಯಲ್ಲೂ ಜಾಣರೇ?

ಉತ್ತರಗಳು ಒಂದಕ್ಕೊಂದು ಜಗಳವಾಡುತ್ತವೆ. 2000ದಲ್ಲಿ ಅಮೆರಿಕದ ರಟ್ಟರ್ ಮತ್ತು ಟ್ಯಾಪ್ಲಿನ್, ಒಂದೇ ಸಂಸ್ಥೆಯ ವೈದ್ಯರ ಪರೀಕ್ಷೆಯ ಅಂಕವನ್ನೂ ಅವರ ನಿಜ ಕೆಲಸದ ದಾಖಲೆಯನ್ನೂ ಅಕ್ಕಪಕ್ಕ ಇಟ್ಟರು. ನಂಟು ತೀರಾ ಸಡಿಲವಾಗಿತ್ತು. 2008ರಲ್ಲಿ ಡೇವಿಡ್ ಗುರ್ ತಂಡ ಒಂಬತ್ತು ವೈದ್ಯರಿಗೆ, ಅವರೇ ಕೆಲವು ವರ್ಷ ಹಿಂದೆ ಕೆಲಸದಲ್ಲಿ ಓದಿದ್ದ ಫಿಲ್ಮುಗಳನ್ನು ಪ್ರಯೋಗವೆಂದು ಹೇಳಿ ಮತ್ತೆ ಕೊಟ್ಟಿತು. ಆಶ್ಚರ್ಯವೆಂದರೆ ಅವರು ಕೆಲಸದಲ್ಲೇ ಹೆಚ್ಚು ಚೆನ್ನಾಗಿ ಓದಿದ್ದರು. ಪರೀಕ್ಷೆಯ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ತಪ್ಪಿದರೆ ಯಾರಿಗೂ ನೋವಿಲ್ಲ ಎಂದು ಗೊತ್ತಿದ್ದಾಗ ಕಣ್ಣಿನ ಧೈರ್ಯವೇ ಬೇರೆ. 2013ರಲ್ಲಿ ಸಿಡ್ನಿಯವರು, ಇಲ್ಲ, ಪರೀಕ್ಷೆ ನಿಜ ಕೆಲಸವನ್ನು ತಕ್ಕಮಟ್ಟಿಗೆ ತೋರಿಸುತ್ತದೆ ಎಂದರು.

ಅದೇ 2013ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನನ್ನ ನಿದ್ದೆ ಕೆಡಿಸಿತು. ಕಾರ್ಲಾ ಇವಾನ್ಸ್, ರಾಬಿನ್ ಬರ್ಡ್‌ವೆಲ್ ಮತ್ತು ಜೆರೆಮಿ ವುಲ್ಫ್ ಕ್ಯಾನ್ಸರ್ ಇದ್ದ 50, ಇಲ್ಲದ 50 ಫಿಲ್ಮುಗಳನ್ನು ಒಂಬತ್ತು ತಿಂಗಳು ಒಂದು ಆಸ್ಪತ್ರೆಯ ಮಾಮೂಲಿ ಕೆಲಸದೊಳಗೆ ಮೆಲ್ಲಗೆ ತೂರಿಸಿದರು. ಅಲ್ಲಿ ವೈದ್ಯರು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 30ನ್ನು ಬಿಟ್ಟರು. ಅವೇ ನೂರು ಫಿಲ್ಮುಗಳನ್ನು ಒಟ್ಟಿಗೆ, ಪರೀಕ್ಷೆಯಂತೆ, ಅರ್ಧಕ್ಕರ್ಧ ಕ್ಯಾನ್ಸರ್ ಇರುವ ಕಟ್ಟಾಗಿ ಓದಿದಾಗ ಬಿಟ್ಟದ್ದು ನೂರಕ್ಕೆ 12. ಅಪರೂಪವಾದದ್ದನ್ನು ಕಣ್ಣು ಹುಡುಕುವುದನ್ನೇ ಕಡಿಮೆ ಮಾಡುತ್ತದೆ. ನಾನು ಗೆಳತಿಯರಿಗೆ ಹೇಳಿದ್ದ ಗುಟ್ಟು ಇಲ್ಲಿ ಅಂಕಿಯಾಗಿ ನಿಂತಿತ್ತು.

ನಾನು ಕೂಡ ಒಂದು ಚಿಕ್ಕ ಪ್ರಯೋಗ ಮಾಡಿದ್ದೆ. ಆ ಹೊಸೂರಿನ ಅಮ್ಮನ ಹಳೆಯ ಫಿಲ್ಮನ್ನು ಮೊದಲು ಇಬ್ಬರು ಸಹೋದ್ಯೋಗಿಗಳಿಗೆ ಕತೆ ಹೇಳಿಯೇ ತೋರಿಸಿದೆ. ಇಬ್ಬರೂ ‘ಇಲ್ಲಿದೆಯಲ್ಲ’ ಅಂದರು. ಕತೆ ಗೊತ್ತಿದ್ದರೆ ಯಾರಿಗೂ ಕಾಣುತ್ತದೆ. ಆಮೇಲೆ ಹೆಸರು ಮರೆಮಾಡಿ, ಇನ್ನೂ 39 ಫಿಲ್ಮುಗಳ ನಡುವೆ ಸೇರಿಸಿ, ಕತೆ ಗೊತ್ತಿಲ್ಲದ ಬೇರೆ ಮೂವರಿಗೆ ಕೊಟ್ಟೆ. ಒಬ್ಬರು ಸರಿಯಾಗಿ ಅದನ್ನೇ ಗುರುತಿಸಿದರು. ಎರಡನೆಯವರೂ ಗುರುತಿಸಿದರು, ಅದರ ಜೊತೆಗೆ ಏನೂ ಇಲ್ಲದ ಹನ್ನೊಂದನ್ನು ಕೂಡ. ಮೂರನೆಯವರು ನನ್ನ ಹಾಗೆಯೇ ದಾಟಿಹೋದರು. ಮೊದಲನೆಯವರನ್ನು ಹೊಗಳಲು ಹೋದರೆ ಅವರು ಅಂದದ್ದು: ‘ನೀನು ಏನೋ ಅಡಗಿಸಿಟ್ಟಿದ್ದೀಯ ಅಂತ ಗೊತ್ತಿತ್ತಲ್ಲ, ಅದಕ್ಕೇ ಹುಡುಕಿದೆ.’

ಹಾಗಾದರೆ ಪರೀಕ್ಷೆ ಸುಳ್ಳೇ? ಅಷ್ಟು ಸುಲಭವಿಲ್ಲ. ನಿಜ ಕೆಲಸದ ದಾಖಲೆಯನ್ನು ನಂಬುವುದೂ ಕಷ್ಟ. ಒಬ್ಬ ವೈದ್ಯೆ ವರ್ಷಕ್ಕೆ ಸಾವಿರ ಫಿಲ್ಮು ಓದುತ್ತಾಳೆ ಅಂದುಕೊಳ್ಳಿ. ಅದರಲ್ಲಿ ಇರಬಹುದಾದ ಕ್ಯಾನ್ಸರ್ ಆರೋ ಎಂಟೋ. ಒಂದು ಬಿಟ್ಟರೆ ಜಾಣೆ, ಮೂರು ಬಿಟ್ಟರೆ ದಡ್ಡಿ ಎನ್ನುವಂತಿಲ್ಲ, ಅದು ಬರೀ ಆ ವರ್ಷದ ಅದೃಷ್ಟವಿರಬಹುದು. ಬ್ರಿಟನ್ನಿನಲ್ಲಿ ತಪಾಸಣೆಯ ಫಿಲ್ಮು ಓದುವವರು ವರ್ಷಕ್ಕೆ 5,000 ಓದಲೇಬೇಕು ಎಂದಿರುವುದಕ್ಕೆ ಇದೂ ಒಂದು ಕಾರಣ. ಅಂದರೆ ಪರೀಕ್ಷೆಯ ಅಂಕ ಒಂದು ಮಸುಕು ಕನ್ನಡಿ, ಕೆಲಸದ ಅಂಕ ಇನ್ನೊಂದು ಮಸುಕು ಕನ್ನಡಿ. ಎರಡನ್ನೂ ಎದುರುಬದುರು ಹಿಡಿದಾಗ ಮುಖ ಹೊಂದಲಿಲ್ಲವೆಂದರೆ ತಪ್ಪು ಯಾವುದರದ್ದೆಂದು ಹೇಳುವುದು ಹೇಗೆ? ಮಸುಕು ಕಡಿಮೆಯಾಗಬೇಕಾದರೆ ಸಾವಿರಾರು ಹೆಂಗಸರ ಹಿಂದೆ ವರ್ಷಗಟ್ಟಲೆ ಹೋಗಿ, ‘ಏನೂ ಇಲ್ಲ’ ಅನ್ನಿಸಿಕೊಂಡವರಿಗೆ ಆಮೇಲೆ ಏನಾಯಿತು ಎಂದು ಎಣಿಸಬೇಕು.

ಚೆನ್ನೈಯಲ್ಲಿ ಆ ಎಣಿಕೆಯ ಅರ್ಧ ಕೆಲಸ ಆಗಲೇ ನಡೆದಿದೆ ಎಂಬುದು ನನಗೆ ದೊಡ್ಡ ಸಮಾಧಾನ ಮತ್ತು ದೊಡ್ಡ ಹೊಟ್ಟೆಯುರಿ. ಡಾ. ಮುತ್ತುಲಕ್ಷ್ಮಿ ರೆಡ್ಡಿ ತಂಗಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ನೋವನ್ನು ಮೂರು ದಶಕ ಹೊತ್ತು, 1954ರಲ್ಲಿ ಅಡಯಾರಿನಲ್ಲಿ 12 ಹಾಸಿಗೆಯ ಆಸ್ಪತ್ರೆ ತೆರೆದರು. ಮರುವರ್ಷ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ 2021ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮನೆ ಮಾಡಿಕೊಂಡಿದ್ದರು. ಬೆಂಗಳೂರಿನ ಜೊತೆಗೆ ಮದ್ರಾಸಿನ ಕ್ಯಾನ್ಸರ್ ನೋಂದಣಿಯೂ 1980ರ ದಶಕದ ಆರಂಭದಲ್ಲಿ ಶುರುವಾದಾಗ ಅದರ ಮನೆಯೂ ಅಡಯಾರೇ ಆಯಿತು. ಅದರ ಸಿಬ್ಬಂದಿ ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗಿ, ನಗರಪಾಲಿಕೆಯ ಮರಣ ದಾಖಲೆ ಜಾಲಾಡಿ ಹೆಸರು ಕೂಡಿಸುತ್ತಾರೆ. ಶುರುವಿನಲ್ಲಿ ಈ ನಗರದ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು, ಆಮೇಲೆ ಸ್ತನದ ಕ್ಯಾನ್ಸರ್ ಅದನ್ನು ದಾಟಿತು ಎಂದು ನಮಗೆ ಗೊತ್ತಿರುವುದು ಅವರ ಕಾಲ್ನಡಿಗೆಯಿಂದ.

ಇಲ್ಲದಿರುವುದು ಉಳಿದರ್ಧ. ಬ್ರಿಟನ್ನಿನಲ್ಲಿ ನೋಂದಣಿಯ ಹೆಸರು ತಪಾಸಣೆಯ ಹಳೆಯ ಫಿಲ್ಮಿಗೆ ಮರಳಿ ಹೋಗಿ ಕೂಡುತ್ತದೆ. ಬಿಟ್ಟುಹೋದದ್ದು ಬಿಟ್ಟವರ ಕಣ್ಣಿಗೆ ಮತ್ತೆ ಬೀಳುತ್ತದೆ. ನಮ್ಮಲ್ಲಿ ಫಿಲ್ಮು ಪ್ಲಾಸ್ಟಿಕ್ ಕವರಿನಲ್ಲಿ ಬೀರುವಿನ ಮೇಲೆ ಹೋಗಿ ಕೂರುತ್ತದೆ. ಮುಂದಿನ ವರ್ಷ ಪ್ಯಾಕೇಜು ಬೇರೆ, ಸೆಂಟರು ಬೇರೆ. ತಪ್ಪು ಮಾಡಿದ ವೈದ್ಯರಿಗೆ ತಪ್ಪಿನ ಸುದ್ದಿ ಬರುವುದಿಲ್ಲ. ನನಗೆ ಬಂದದ್ದು ಆ ಅಮ್ಮ ಅದೇ ಬಾಗಿಲಿಗೆ ಮರಳಿದ್ದರಿಂದ, ಹಳೆಯ ಫಿಲ್ಮನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ. ಹಾಗೆ ಮರಳದವರೆಷ್ಟು?

ಮ್ಯಾಮೊಗ್ರಾಮ್ ಎಲ್ಲರಿಗೂ ಮಾಡಿಸುವ ಯೋಜನೆ ನಮ್ಮ ದೇಶದಲ್ಲಿಲ್ಲ. 1998ರಲ್ಲಿ ಶುರುವಾದ ಮುಂಬೈ ಟಾಟಾ ಆಸ್ಪತ್ರೆಯ ಪ್ರಯೋಗದಲ್ಲಿ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಹಿಂಬಾಲಿಸಿ 2021ರಲ್ಲಿ ಬಂದ ಫಲಿತಾಂಶದಲ್ಲಿ, 50 ದಾಟಿದವರ ಸಾವು ಸುಮಾರು ನೂರಕ್ಕೆ 30ರಷ್ಟು ಇಳಿದಿತ್ತು. ತುಮಕೂರಿನ ಪಾಠದ ತಂಗಿಯೇ ಇದು. ಸರ್ಕಾರ 2016ರಲ್ಲಿ 30 ದಾಟಿದವರಿಗೆ ಇಂಥ ಪರೀಕ್ಷೆಯನ್ನೇ ಸೂಚಿಸಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಎಂದಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ.

ಈ ನಡುವೆ ಫಿಲ್ಮು ಹೋಗಿ ಮಾನಿಟರ್ ಬಂತು. ಈಗ ಎಐ ಮಾರುವವರು ಬರುತ್ತಾರೆ. ಅವರ ಪೈಕಿ ಓದಿಕೊಂಡವರು 2023ರ ಒಂದು ಅಧ್ಯಯನ ತೋರಿಸುತ್ತಾರೆ. ಅದೇ ಪರ್ಫಾರ್ಮ್ಸ್ ಕಟ್ಟಿನಲ್ಲಿ 552 ಜನ ಓದುಗರು ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 90 ಹಿಡಿದರೆ ಯಂತ್ರ 91 ಹಿಡಿಯಿತು. ಸುಳ್ಳಲ್ಲ. ಆದರೆ ಅದು ಸ್ಪಾಟರ್‌ನ ಅಂಕ. ಯಂತ್ರಕ್ಕೆ ಬೇಸರ ಬರುವುದಿಲ್ಲ, ಅಪರೂಪವೆಂದು ಕಣ್ಣು ಸಡಿಲವಾಗುವುದಿಲ್ಲ, ಒಪ್ಪುತ್ತೇನೆ. ನಮ್ಮ ಹೆಂಗಸರ ಮೇಲೆ, ನಮ್ಮ ಮೆಷಿನ್ನಿನಲ್ಲಿ ಅದು ಬಿಟ್ಟದ್ದೆಷ್ಟು ಎಂದು ಕೇಳಿದರೆ ಅವರು ಬ್ರೋಷರಿನ ಹಾಳೆ ತಿರುವುತ್ತಾರೆ. ನನ್ನನ್ನು ಅದೇ ಪ್ರಶ್ನೆ ಕೇಳಿದರೆ ನಾನೇನು ತಿರುವಲಿ?

ಅದಕ್ಕಾಗಿ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಒಪ್ಪಿದವರ ಫೋನ್ ನಂಬರ್ ಬರೆದುಕೊಂಡು ವರ್ಷವಾದ ಮೇಲೆ ಕರೆ ಮಾಡುತ್ತೇನೆ. ಹುಷಾರಾಗಿದ್ದೀರಾ? ಬೇರೆಲ್ಲಾದರೂ ತೋರಿಸಿದಿರಾ? ಮೊದಲ ಸಲ ಹೆಚ್ಚಿನವರು ಸ್ಕ್ಯಾನ್ ಸೆಂಟರಿನ ಹೊಸ ಆಫರ್ ಅಂದುಕೊಂಡು ಫೋನ್ ಇಟ್ಟುಬಿಡುತ್ತಾರೆ. ಈಗ ನಾಲ್ಕನೇ ನೋಟ್‌ಬುಕ್ ನಡೆಯುತ್ತಿದೆ. ಇದರಿಂದ ಯಾವ ಅಧ್ಯಯನವೂ ಆಗುವುದಿಲ್ಲ, ನನಗೆ ಗೊತ್ತು. ಇನ್ನೂ ಎರಡು ಸಲ ನನಗೆ ಕೆಟ್ಟ ಸುದ್ದಿ ಸಿಕ್ಕಿದೆ. ಆ ಎರಡೂ ಫಿಲ್ಮುಗಳನ್ನು ತರಿಸಿ ನೋಡಿದೆ. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ ಇತ್ತು.

ಹೊಸೂರಿನ ಅಮ್ಮನಿಗೆ ಅವತ್ತು ಹೇಳಿದ್ದು ಇಷ್ಟು: ‘ಇತ್ತಮ್ಮ. ತುಂಬ ತೆಳ್ಳಗಿತ್ತು, ಆದರೆ ಇತ್ತು. ನನ್ನ ಕಣ್ಣಿಗೆ ಬೀಳಲಿಲ್ಲ.’ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಎರಡು ಫಿಲ್ಮನ್ನೂ ಕವರಿಗೆ ಹಾಕಿಕೊಂಡು ಎದ್ದರು. ಚಿಕಿತ್ಸೆ ಅಡಯಾರಿನಲ್ಲಾಯಿತು. ಮತ್ತೆ ನನ್ನ ಹತ್ತಿರ ಬರುವುದಿಲ್ಲ ಅಂದುಕೊಂಡಿದ್ದೆ. ಮರುವರ್ಷ ಇನ್ನೊಂದು ಬದಿಯ ತಪಾಸಣೆಗೆ ಬಂದರು. ಪ್ರತಿ ವರ್ಷ ಬರುತ್ತಾರೆ. ನಾನು ‘ಏನೂ ಇಲ್ಲಮ್ಮ’ ಅಂದ ಮೇಲೂ ಎದ್ದು ಹೋಗುವುದಿಲ್ಲ.

‘ಇನ್ನೊಂದ್ಸಲ ನೋಡಿ’ ಅನ್ನುತ್ತಾರೆ. ನೋಡುತ್ತೇನೆ.